ನ್ಯಾನೊದ್ರವದ ಉಷ್ಣ ವರ್ಗಾವಣೆ: ಕಂಪ್ಯೂಟರಿನ ಮುಂದೆ ಕೂರುವ ಮೊದಲು ಮತ್ತು ಕೂತ ಮೇಲೆ

ಹುಬ್ಬಳ್ಳಿ-ಧಾರವಾಡದ ಕಡೆ ಮೆಕ್ಯಾನಿಕಲ್ ಎಂ.ಟೆಕ್. ಮಾಡುವವರಾಗಲಿ, ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ದ್ರವಗಳ ಹರಿವಿನ ಮೇಲೆ ಸಂಶೋಧನೆಗೆ ಇಳಿದವರಾಗಲಿ, ‘ನ್ಯಾನೊದ್ರವ’ ಎಂಬ ವಿಷಯ ಒಮ್ಮೆಯಾದರೂ ಎದುರಾಗುತ್ತದೆ. ನೀರಿಗೆ ಅಲ್ಯುಮಿನಾದಂಥ (ಅಲ್ಯುಮಿನಿಯಂ ಆಕ್ಸೈಡ್) ಪುಡಿಯನ್ನು, ಕಣವೊಂದು 40 ನ್ಯಾನೊಮೀಟರಿನಷ್ಟು ಸಣ್ಣದಿರುವಾಗ, ಬೆರೆಸಿದರೆ ಅದು ಶಾಖವನ್ನು ಹೆಚ್ಚು ಚೆನ್ನಾಗಿ ಒಯ್ಯುತ್ತದೆ ಎಂಬುದು ಮೂಲ ವಿಚಾರ. ಈ ಹೆಸರನ್ನು 1995ರಲ್ಲಿ ಬಳಕೆಗೆ ತಂದವರು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟೀಫನ್ ಚೋಯ್. ಮಾದರಿ ಕಟ್ಟಲು ಬೇಕಾದ ಸಮೀಕರಣಗಳು ಕಷ್ಟದವಲ್ಲ. ಎಡವುವುದು ಎರಡು ಕಡೆ: ದ್ರವದ ಗುಣಗಳ ಅಂಕಿಗಳನ್ನು ಆರಿಸುವಲ್ಲಿ, ಮತ್ತು ಫಲಿತಾಂಶವನ್ನು ಯಾವುದರ ಜೊತೆ ಹೋಲಿಸುತ್ತೇವೆ ಎಂಬಲ್ಲಿ. ಆದ್ದರಿಂದ ಒಂದೇ ಒಂದು ಉದಾಹರಣೆಯನ್ನು ಹಿಡಿದು ಕೊನೆತನಕ ಲೆಕ್ಕ ಮಾಡೋಣ.

ಸಮಸ್ಯೆಯನ್ನು ಮೊದಲು ಕಟ್ಟಿಹಾಕಿ

ತಾಮ್ರದ ನಳಿಕೆ, ಒಳವ್ಯಾಸ 6 ಮಿ.ಮೀ., ಉದ್ದ 1 ಮೀಟರ್. ಹೊರಗೆ ನೈಕ್ರೋಮ್ ತಂತಿ ಸುತ್ತಿ 150 ವ್ಯಾಟ್ ಶಾಖವನ್ನು ಉದ್ದಕ್ಕೂ ಸಮನಾಗಿ ಕೊಡುತ್ತೇವೆ. ದ್ರವ ಒಳಬರುವಾಗ 25 ಡಿಗ್ರಿ ಸೆಲ್ಸಿಯಸ್. ನೀರಿನ ಹರಿವಿಗೆ ರೆನಾಲ್ಡ್ಸ್ ಸಂಖ್ಯೆ (ಹರಿವಿನ ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ) 1000, ಅಂದರೆ ಸುಳಿಗಳಿಲ್ಲದ ಪದರಹರಿವು. ಗುಣಗಳನ್ನು 30 ಡಿಗ್ರಿಗೆ ತೆಗೆದುಕೊಳ್ಳುವುದು: ಸಾಂದ್ರತೆ ಘನಮೀಟರಿಗೆ 995.7 ಕಿಲೋ, ವಿಶಿಷ್ಟೋಷ್ಣ 4178 ಜೂಲ್, ಉಷ್ಣವಾಹಕತೆ 0.615 ವ್ಯಾಟ್, ಸ್ನಿಗ್ಧತೆ 0.798 ಮಿಲಿಪ್ಯಾಸ್ಕಲ್-ಸೆಕೆಂಡ್. ಇಷ್ಟರಿಂದ ವೇಗ ಸೆಕೆಂಡಿಗೆ 0.1336 ಮೀಟರ್, ಹರಿವು ನಿಮಿಷಕ್ಕೆ ಸುಮಾರು 227 ಮಿಲಿಲೀಟರ್ ಎಂದು ಸಿಗುತ್ತದೆ. ಅಳತೆಯ ಜಾರು, ಸ್ಟಾಪ್‌ವಾಚು ಇದ್ದರೆ ಈ ಹರಿವನ್ನು ನೇರವಾಗಿ ಅಳೆಯಬಹುದು. ಇಷ್ಟು ಸಣ್ಣ ಹರಿವಿಗೆ ಅಗ್ಗದ ರೋಟಾಮೀಟರಿಗಿಂತ ಅದೇ ನಂಬಿಕೆಯದು.

25 ಡಿಗ್ರಿ ಎಂದು ಬರೆಯುವುದು ಸುಲಭ. ಏಪ್ರಿಲ್‌ನಲ್ಲಿ ಗದಗದ ಮಾಳಿಗೆ ಟ್ಯಾಂಕಿನಿಂದ ಬರುವ ನೀರು ಅಷ್ಟು ತಣ್ಣಗೆ ಇರುವುದಿಲ್ಲ. ಪ್ರಯೋಗವೂ ಇದ್ದರೆ ನಿಮ್ಮಲ್ಲಿ ನಿಜಕ್ಕೂ ಸಿಗುವ ತಾಪಮಾನವನ್ನೇ ಮಾದರಿಗೆ ಕೊಡಿ, ಗುಣಗಳನ್ನೂ ಅದಕ್ಕೆ ತಕ್ಕಂತೆ ಬದಲಿಸಿ.

ಪುಡಿ ಎಷ್ಟು? ಗಾತ್ರದ ಲೆಕ್ಕವೋ ತೂಕದ ಲೆಕ್ಕವೋ

ಸೂತ್ರಗಳೆಲ್ಲ ಕೇಳುವುದು ಗಾತ್ರಾಂಶವನ್ನು, ಅಂದರೆ ಒಟ್ಟು ಗಾತ್ರದಲ್ಲಿ ಕಣಗಳ ಪಾಲನ್ನು. ಲ್ಯಾಬಿನ ತಕ್ಕಡಿ ಕೊಡುವುದು ತೂಕವನ್ನು. ಅಲ್ಯುಮಿನಾದ ಸಾಂದ್ರತೆ 3970 ಎಂದಿಟ್ಟುಕೊಂಡರೆ, ಗಾತ್ರದಲ್ಲಿ ಶೇ. 2 ಬೇಕೆಂದರೆ ಲೀಟರಿಗೆ 79.4 ಗ್ರಾಂ ಪುಡಿ ಹಾಕಬೇಕು. ತೂಕದಲ್ಲಿ ಅದು ಶೇ. 7.5. ‘ಶೇ. 2’ ಎಂದು 20 ಗ್ರಾಂ ತೂಗಿ ಹಾಕಿದವರ ಕೈಯಲ್ಲಿರುವುದು ಗಾತ್ರದಲ್ಲಿ ಶೇ. 0.5 ಅಷ್ಟೆ. ಪ್ರಯೋಗಕ್ಕೂ ಮಾದರಿಗೂ ತಾಳೆಯಾಗದೆ ವಾರಗಟ್ಟಲೆ ಕೋಡ್ ತಿದ್ದುವವರು ಮೊದಲು ನೋಡಬೇಕಾದ್ದು ಇದನ್ನೇ.

ನಾಲ್ಕು ಗುಣಗಳು

ಸಾಂದ್ರತೆಗೆ ಜಗಳವಿಲ್ಲ. ನೀರಿನ 0.98 ಪಾಲು, ಅಲ್ಯುಮಿನಾದ 0.02 ಪಾಲು ಕೂಡಿಸಿದರೆ 1055.2.

ವಿಶಿಷ್ಟೋಷ್ಣದಲ್ಲಿ ಒಂದು ಬಲೆ ಇದೆ. 4178 ಮತ್ತು 765ನ್ನು ಅದೇ ರೀತಿ ಪಾಲು ಹಾಕಿ ಕೂಡಿಸಿದರೆ 4110 ಬರುತ್ತದೆ, ಅದು ತಪ್ಪು. ವಿಶಿಷ್ಟೋಷ್ಣ ಇರುವುದು ಕಿಲೋಗ್ರಾಮಿನ ಲೆಕ್ಕದಲ್ಲಿ, ಪಾಲು ಹಾಕಿದ್ದು ಗಾತ್ರದ ಲೆಕ್ಕದಲ್ಲಿ. ಸಾಂದ್ರತೆ ಮತ್ತು ವಿಶಿಷ್ಟೋಷ್ಣದ ಗುಣಲಬ್ಧವನ್ನು ಪಾಲು ಹಾಕಿ ಕೂಡಿಸಿ, ಆಮೇಲೆ 1055.2ರಿಂದ ಭಾಗಿಸಬೇಕು. ಸಿಗುವುದು 3921. ಎರಡರ ನಡುವಿನ ಅಂತರ ಸುಮಾರು ಶೇ. 5. ನಾವು ಹುಡುಕಹೊರಟಿರುವ ಲಾಭವೂ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ಮರೆಯಬೇಡಿ.

ಉಷ್ಣವಾಹಕತೆಗೆ ಮ್ಯಾಕ್ಸ್‌ವೆಲ್ಲನ ಹತ್ತೊಂಬತ್ತನೇ ಶತಮಾನದ ಸೂತ್ರ ಇವತ್ತಿಗೂ ಸಾಕು. ಮಾಡುವ ಕ್ರಮ ಹೀಗೆ: ಕಣದ ವಾಹಕತೆಗೆ (ಅಲ್ಯುಮಿನಾಗೆ 40) ನೀರಿನ ವಾಹಕತೆಯ ಎರಡರಷ್ಟನ್ನು ಕೂಡಿಸಿ, 41.23. ಕಣದ ವಾಹಕತೆಯಿಂದ ನೀರಿನದನ್ನು ಕಳೆದು ಗಾತ್ರಾಂಶದಿಂದ ಗುಣಿಸಿ, 0.788. ಮೊದಲನೆಯದಕ್ಕೆ ಎರಡನೆಯದರ ಎರಡರಷ್ಟು ಕೂಡಿಸಿದ್ದು ಅಂಶ, ಮೊದಲನೆಯದರಿಂದ ಎರಡನೆಯದನ್ನು ಕಳೆದದ್ದು ಛೇದ. ಉತ್ತರ 1.058. ಅಂದರೆ ವಾಹಕತೆ ಶೇ. 5.8 ಏರಿ 0.651 ಆಗುತ್ತದೆ. ಕಣದ ವಾಹಕತೆಯನ್ನು 40ರ ಬದಲು 400 ಎಂದು ಹಾಕಿದರೂ ಉತ್ತರ ಹೆಚ್ಚು ಅಲುಗುವುದಿಲ್ಲ. ತಡೆ ಇರುವುದು ಕಣಗಳ ನಡುವಿನ ನೀರಿನಲ್ಲಿ, ಕಣದಲ್ಲಲ್ಲ. ಹೀಗಾಗಿ ‘ಅಲ್ಯುಮಿನಾ ಬದಲು ತಾಮ್ರದ ಕಣ ಹಾಕಿದರೆ ಹತ್ತುಪಟ್ಟು ಲಾಭ’ ಎಂಬ ಆಸೆ ಇಲ್ಲಿಗೇ ಬಿಡಬೇಕು. ಶುರುವಿನ ವರ್ಷಗಳಲ್ಲಿ ಇದಕ್ಕಿಂತ ಬಹಳ ಹೆಚ್ಚಿನ ಏರಿಕೆಯ ವರದಿಗಳು ಬಂದಿದ್ದವು. 2009ರಲ್ಲಿ ಮೂವತ್ತಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಮಾದರಿಯ ದ್ರವಗಳನ್ನು ಹಂಚಿಕೊಂಡು ಅಳೆದು ನೋಡಿದಾಗ ಫಲಿತಾಂಶ ಮ್ಯಾಕ್ಸ್‌ವೆಲ್ ಜಾತಿಯ ಸೂತ್ರಗಳ ಆಸುಪಾಸಿಗೇ ಬಂದು ನಿಂತಿತು.

ನಿಜವಾದ ತಲೆನೋವು ಸ್ನಿಗ್ಧತೆ. ಐನ್‌ಸ್ಟೈನ್ ಸೂತ್ರ ಶೇ. 5 ಏರಿಕೆ ಹೇಳುತ್ತದೆ, ಬ್ರಿಂಕ್‌ಮನ್ನನದು ಶೇ. 5.2. ಇವೆರಡೂ ಗುಂಡಗಿನ, ಒಂಟೊಂಟಿಯಾಗಿ ತೇಲುವ ಕಣಗಳಿಗೆ ಕಟ್ಟಿದವು. ಅಲ್ಯುಮಿನಾ-ನೀರನ್ನು ಅಳೆದ ಅಂಕಿಗಳಿಗೆ ಹೊಂದಿಸಿದ ಒಂದು ಸೂತ್ರ ಬಹಳ ಬಳಕೆಯಲ್ಲಿದೆ: 1 ಕ್ಕೆ ಗಾತ್ರಾಂಶದ 7.3ರಷ್ಟು, ಗಾತ್ರಾಂಶದ ವರ್ಗದ 123ರಷ್ಟು ಕೂಡಿಸಿ. ಶೇ. 2ಕ್ಕೆ ಇದು 1.195 ಕೊಡುತ್ತದೆ, ಅಂದರೆ ಏರಿಕೆ ಶೇ. 19.5. ಕಣಗಳು ನೀರಿನಲ್ಲಿ ಗೊಂಚಲುಗಟ್ಟಿ, ತಮ್ಮ ನಡುವೆ ನೀರನ್ನು ಸೆರೆಹಿಡಿಯುವುದೇ ಇದಕ್ಕೆ ಮುಖ್ಯ ಕಾರಣ. ಗೊಂಚಲು ತನ್ನ ತೂಕಕ್ಕಿಂತ ದೊಡ್ಡ ಕಣದಂತೆ ವರ್ತಿಸುತ್ತದೆ. ಬ್ರಿಂಕ್‌ಮನ್ ಸೂತ್ರ ಹಾಕಿದ ಪ್ರಬಂಧಗಳಲ್ಲಿ ನ್ಯಾನೊದ್ರವ ಯಾವಾಗಲೂ ಗೆಲ್ಲುವುದು ಈ ಕಾರಣಕ್ಕೇ. ಕೈಗೆಟುಕಿದರೆ ವಿಸ್ಕೋಮೀಟರಿನಲ್ಲಿ ನಿಮ್ಮದೇ ದ್ರವವನ್ನು ಅಳೆಯಿರಿ. ಆಗದಿದ್ದರೆ ಎರಡೂ ಸೂತ್ರಗಳಿಂದ ಲೆಕ್ಕ ಮಾಡಿ ಎರಡನ್ನೂ ತೋರಿಸಿ. ಮುಂದಿನ ಲೆಕ್ಕಕ್ಕೆ ನಾವು 1.195 ಹಿಡಿದಿದ್ದೇವೆ: 0.954 ಮಿಲಿಪ್ಯಾಸ್ಕಲ್-ಸೆಕೆಂಡ್.

ಒಂದೇ ದ್ರವವೆಂದು ನೋಡುವುದೋ, ಕಣಗಳನ್ನು ಬೇರೆ ಮಾಡುವುದೋ

40 ನ್ಯಾನೊಮೀಟರಿನ ಕಣ ನೀರಿನ ವೇಗಕ್ಕೆ ಹೊಂದಿಕೊಳ್ಳಲು ತೆಗೆದುಕೊಳ್ಳುವ ಸಮಯ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅದು ನೀರಿನ ಜೊತೆಯಲ್ಲೇ ಹೋಗುತ್ತದೆ. ಆದ್ದರಿಂದ ಒಂದೇ ದ್ರವವೆಂದು ಎಣಿಸಿ, ಮೇಲಿನ ನಾಲ್ಕು ಗುಣಗಳನ್ನು ಕೊಟ್ಟರೆ ನಳಿಕೆಯ ಸಮಸ್ಯೆಗೆ ಸಾಕು. ನೀರು, ಕಣ ಎರಡನ್ನೂ ಬೇರೆ ಬೇರೆ ದ್ರವಗಳಂತೆ ನೋಡುವ ಯೂಲೇರಿಯನ್ ಎರಡು-ಪ್ರಾವಸ್ಥೆಯ ಮಾದರಿಯನ್ನು ಸಾಫ್ಟ್‌ವೇರಿನಲ್ಲಿ ಆನ್ ಮಾಡಿದಾಕ್ಷಣ ನಿಖರತೆ ಹೆಚ್ಚುವುದಿಲ್ಲ; ಎಳೆತ, ಕಣಗಳ ತಿಕ್ಕಾಟ ಎಂದು ಊಹೆಯ ಅಂಕಿಗಳು ಇನ್ನಷ್ಟು ಸೇರುತ್ತವೆ.

ಗಣಿತದ ಕಡೆಯಿಂದ ಬಂದವರು ಹಿಡಿಯುವುದು ಬುವೊಂಜೋರ್ನೊ 2006ರಲ್ಲಿ ಕೊಟ್ಟ ಮಾದರಿಯನ್ನು. ಕಣಗಳು ನೀರಿನಿಂದ ಜಾರಿಹೋಗುವ ಏಳು ಕಾರಣಗಳನ್ನು ತೂಗಿನೋಡಿ, ಬ್ರೌನಿಯನ್ ಅಲೆದಾಟ ಮತ್ತು ಬಿಸಿಯಿಂದ ತಂಪಿನ ಕಡೆಗಿನ ಸರಿದಾಟ (ಉಷ್ಣಸರಿತ) ಇವೆರಡನ್ನೇ ಅವರು ಉಳಿಸಿಕೊಂಡರು. ಮಾದರಿ ಸೊಗಸಾಗಿದೆ, ಕೆಡುವುದು ಅಂಕಿಗಳಲ್ಲಿ. ಹಿಗ್ಗುವ ಹಾಳೆಯ ಮೇಲಿನ ಹರಿವಿನ ಪ್ರಬಂಧಗಳಲ್ಲಿ ಬ್ರೌನಿಯನ್ ನಿಯತಾಂಕ 0.1, ಉಷ್ಣಸರಿತದ ನಿಯತಾಂಕ 0.1 ಎಂದು ಇಟ್ಟುಕೊಂಡು ಗ್ರಾಫು ಎಳೆಯುವುದು ವಾಡಿಕೆ. ನಮ್ಮ ದ್ರವಕ್ಕೆ ಲೆಕ್ಕ ಹಾಕಿ ನೋಡಿ. 30 ಡಿಗ್ರಿಯಲ್ಲಿ 40 ನ್ಯಾನೊಮೀಟರ್ ಕಣದ ಬ್ರೌನಿಯನ್ ವಿಸರಣಾಂಕ ಸೆಕೆಂಡಿಗೆ ಸುಮಾರು 0.000014 ಚದರ ಮಿಲಿಮೀಟರ್. ನೀರಿನ ಚಲನ ಸ್ನಿಗ್ಧತೆ 0.80 ಚದರ ಮಿಲಿಮೀಟರ್. ಗಾತ್ರಾಂಶ 0.02, ಕಣ ಮತ್ತು ನೀರಿನ ಉಷ್ಣಧಾರಕತೆಯ ಅನುಪಾತ 0.73 ಇವನ್ನು ಸೇರಿಸಿದರೆ ಬ್ರೌನಿಯನ್ ನಿಯತಾಂಕ 0.00000025 ಬರುತ್ತದೆ. ಉಷ್ಣಸರಿತದ್ದು, 16 ಡಿಗ್ರಿ ಅಂತರಕ್ಕೆ, 0.000003ರ ಆಸುಪಾಸು. ಲೂಯಿಸ್ ಸಂಖ್ಯೆ (ಶಾಖ ಹರಡುವುದಕ್ಕೂ ಕಣ ಹರಡುವುದಕ್ಕೂ ಇರುವ ಅನುಪಾತ) ಹತ್ತು ಸಾವಿರ ದಾಟುತ್ತದೆ, ಪ್ರಬಂಧಗಳಲ್ಲಿ ಅದು 10 ಇರುತ್ತದೆ. 0.1 ಹಾಕಿ ಪಡೆದ ವಕ್ರರೇಖೆ ಗಣಿತವಾಗಿ ಸರಿ, ಆದರೆ ಅಂಥ ನೀರು ಭೂಮಿಯ ಮೇಲೆ ಇಲ್ಲ. ಮೌಖಿಕ ಪರೀಕ್ಷೆಗೆ ಹೋಗುವ ಮೊದಲು ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಮಾಡಿಟ್ಟುಕೊಳ್ಳಿ.

ಕೋಡ್ ಬರೆಯುವುದು

ಈ ಸಮಸ್ಯೆಗೆ ದುಬಾರಿ ಸಾಫ್ಟ್‌ವೇರ್ ಬೇಡ. ಪೈಥಾನಿನಲ್ಲಿ ಅರವತ್ತು-ಎಪ್ಪತ್ತು ಸಾಲು ಸಾಕು. ವೇಗದ ಆಕಾರ ಮೊದಲೇ ಗೊತ್ತು: ನಡುಬಿಂದುವಿನಲ್ಲಿ ಸರಾಸರಿಯ ಎರಡರಷ್ಟು, ಗೋಡೆಯಲ್ಲಿ ಸೊನ್ನೆ, ಇವೆರಡರ ನಡುವೆ ಪರವಲಯ. ಉಳಿಯುವುದು ತಾಪಮಾನ ಒಂದೇ. ಹರಿವಿನ ದಿಕ್ಕಿನಲ್ಲಿ ಶಾಖದ ವಹನವನ್ನು ಕೈಬಿಟ್ಟು, ಒಳಬಾಗಿಲಿನಿಂದ ಮುಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ಸಾಗಬಹುದು.

ಮೊದಲು 3 ಮಿ.ಮೀ. ತ್ರಿಜ್ಯವನ್ನು 60 ಉಂಗುರಗಳಾಗಿ ಕತ್ತರಿಸಿ, ಒಂದೊಂದು 0.05 ಮಿ.ಮೀ. ಪ್ರತಿ ಉಂಗುರಕ್ಕೂ ಒಳಬಂದ ಶಾಖ, ಹೊರಹೋದ ಶಾಖ, ಹರಿವು ಒಯ್ದ ಶಾಖ ಇವುಗಳ ಜಮಾ-ಖರ್ಚು ಬರೆಯಿರಿ. ನಡುಬಿಂದುವಿನಲ್ಲಿ ಒಳಮೈಯ ವಿಸ್ತೀರ್ಣವೇ ಸೊನ್ನೆ, ಹಾಗಾಗಿ ಸೊನ್ನೆಯಿಂದ ಭಾಗಿಸುವ ಪೀಡೆ ಬರುವುದಿಲ್ಲ. ಗೋಡೆಯಲ್ಲಿ ಚದರ ಮೀಟರಿಗೆ 7958 ವ್ಯಾಟ್ ಒಳಹರಿಯುತ್ತದೆ. ಪ್ರತಿ ಹೆಜ್ಜೆಯಲ್ಲೂ ತ್ರಿಕರ್ಣ ಸಮೀಕರಣಗಳ (ಒಂದೊಂದರಲ್ಲೂ ಒಂದು ಉಂಗುರ ಮತ್ತು ಅದರ ಎರಡು ಪಕ್ಕದವುಗಳ ತಾಪಮಾನ ಮಾತ್ರ) ಒಂದು ಗುಂಪು ಸಿಗುತ್ತದೆ, ಥಾಮಸ್ ವಿಧಾನದಲ್ಲಿ ಬಿಡಿಸಿ. ಹೊಸ ಹೆಜ್ಜೆಯ ತಾಪಮಾನವನ್ನೇ ವಹನದ ಪದದಲ್ಲಿ ಬಳಸಿ. ಹಳೆಯದನ್ನು ಬಳಸಿದರೆ ಗೋಡೆಯ ಪಕ್ಕದ ನಿಧಾನದ ಉಂಗುರಗಳಲ್ಲಿ ಉತ್ತರ ಕುಣಿಯತೊಡಗುತ್ತದೆ. ಮೊದಲ ಹೆಜ್ಜೆ 0.01 ಮಿ.ಮೀ., ಆಮೇಲೆ ಪ್ರತಿ ಸಲ ಶೇ. 5 ಹಿಗ್ಗಿಸುತ್ತ 2 ಮಿ.ಮೀ.ಗೆ ನಿಲ್ಲಿಸಿ. ಒಂದು ಮೀಟರಿಗೆ ಆರುನೂರರೊಳಗೆ ಹೆಜ್ಜೆಗಳು. ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ.

ಇಲ್ಲಿ ಮೂರು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ, ಮೂರಕ್ಕೂ ಗುರುತಿದೆ. ನಳಿಕೆಯನ್ನು 5 ಮೀಟರಿಗೆ ಉದ್ದ ಮಾಡಿ ಓಡಿಸಿದರೆ ನಸೆಲ್ಟ್ ಸಂಖ್ಯೆ (ಗೋಡೆಯಿಂದ ದ್ರವಕ್ಕೆ ಶಾಖ ದಾಟುವುದು ಬರೀ ವಹನಕ್ಕಿಂತ ಎಷ್ಟು ಪಟ್ಟು ಎಂಬ ಅಂಕಿ) 4.364ಕ್ಕೆ ಬಂದು ನಿಲ್ಲಬೇಕು. ಅದು 6.0ಕ್ಕೆ ನಿಂತರೆ ನೀವು ತಾಪಮಾನದ ಸರಾಸರಿಯನ್ನು ವೇಗದ ತೂಕವಿಲ್ಲದೆ, ಬರಿಯ ವಿಸ್ತೀರ್ಣದ ಮೇಲೆ ತೆಗೆದಿದ್ದೀರಿ. 3.66ಕ್ಕೆ ನಿಂತರೆ ಗೋಡೆಗೆ ಶಾಖದ ಬದಲು ಸ್ಥಿರ ತಾಪಮಾನ ಕೊಟ್ಟಿದ್ದೀರಿ. 4.45ರ ಹತ್ತಿರ ನಿಂತರೆ ಕೊನೆಯ ಉಂಗುರದ ನಡುವಿನ ತಾಪಮಾನವನ್ನೇ ಗೋಡೆಯದೆಂದು ಓದಿದ್ದೀರಿ. ಅರ್ಧ ಉಂಗುರ ದಾಟಿ ಗೋಡೆ ತಲುಪಲು ಇನ್ನೂ 0.32 ಡಿಗ್ರಿ ಕೂಡಿಸಬೇಕು.

ಆಮೇಲೆ ನೀರಿಗೆ, ನಿಜವಾದ 1 ಮೀಟರ್ ನಳಿಕೆಗೆ ಓಡಿಸಿ. ನಳಿಕೆಯ ಉದ್ದಕ್ಕೂ ನಸೆಲ್ಟ್ ಸಂಖ್ಯೆ ಕೊಡುವ ಷಾ ಸೂತ್ರದ ಪ್ರಕಾರ ಅರ್ಧ ಮೀಟರಿನಲ್ಲಿ ನಸೆಲ್ಟ್ 5.52, ತುದಿಯಲ್ಲಿ 4.80 ಬರಬೇಕು. ತುದಿಯಲ್ಲೂ 4.364 ಆಗಿಲ್ಲ ಎಂದು ಗಾಬರಿ ಬೇಡ. ಉಷ್ಣಪದರ ಪೂರ್ತಿ ಬೆಳೆಯಲು ಇಲ್ಲಿ 1.6 ಮೀಟರ್ ಬೇಕು, ನಮ್ಮ ನಳಿಕೆ ಅಷ್ಟಿಲ್ಲ. ನೀರು 25ರಿಂದ 34.55ಕ್ಕೆ ಏರಬೇಕು, ಅದು ಶಾಖದ ಜಮಾ-ಖರ್ಚು, ಎರಡನೇ ದಶಾಂಶದವರೆಗೂ ಕೂಡಬೇಕು. ಉಂಗುರಗಳನ್ನು 30, 60, 120 ಮಾಡಿ ಮೂರು ಸಲ ಓಡಿಸಿ. ನೀರಿಗೆ ಶೇ. 1ರೊಳಗೆ ತಾಳೆಯಾಗದ ಕೋಡಿನಲ್ಲಿ ನ್ಯಾನೊದ್ರವದ ಶೇ. 5 ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದಂತೆ.

ಹೋಲಿಕೆ: ಇಲ್ಲಿ ಅವಸರ ಬೇಡ

ಈಗ ನ್ಯಾನೊದ್ರವದ ಗುಣಗಳನ್ನು ಹಾಕಿ. ಎಲ್ಲರೂ ಮಾಡುವಂತೆ ರೆನಾಲ್ಡ್ಸ್ ಸಂಖ್ಯೆ 1000ವನ್ನೇ ಇಟ್ಟುಕೊಂಡರೆ, ತುದಿಯಲ್ಲಿ ಉಷ್ಣ ವರ್ಗಾವಣಾಂಕ (ಗೋಡೆಗೂ ದ್ರವಕ್ಕೂ ನಡುವಿನ ಪ್ರತಿ ಡಿಗ್ರಿ ಅಂತರಕ್ಕೆ ಚದರ ಮೀಟರಿನಲ್ಲಿ ದಾಟುವ ವ್ಯಾಟ್) ನೀರಿನ 492ರಿಂದ 526ಕ್ಕೆ ಏರುತ್ತದೆ. ಶೇ. 6.9 ಲಾಭ. ತುದಿಯ ಗೋಡೆ ನೀರಿಗೆ 50.7 ಡಿಗ್ರಿ ಇದ್ದದ್ದು 48.6ಕ್ಕೆ ಇಳಿಯುತ್ತದೆ. ಪ್ರಬಂಧದ ಸಾರಾಂಶಕ್ಕೆ ಹೇಳಿ ಮಾಡಿಸಿದ ಅಂಕಿ.

ಆದರೆ ಸ್ನಿಗ್ಧತೆ ಹೆಚ್ಚಿರುವಾಗ ಅದೇ ರೆನಾಲ್ಡ್ಸ್ ಸಂಖ್ಯೆ ಬರಬೇಕೆಂದರೆ ದ್ರವವನ್ನು ಶೇ. 12.8 ಹೆಚ್ಚು ವೇಗವಾಗಿ ತಳ್ಳಬೇಕು. ಒತ್ತಡದ ಇಳಿಕೆ 95ರಿಂದ 128 ಪ್ಯಾಸ್ಕಲಿಗೆ ಹೋಗುತ್ತದೆ, ಪಂಪಿನ ಶಕ್ತಿ ಶೇ. 52 ಹೆಚ್ಚು. ಗೋಡೆ ತಂಪಾದದ್ದರಲ್ಲಿ ಬಹುಪಾಲು ಈ ವೇಗದ ಕೊಡುಗೆ. ಬರೀ ನೀರನ್ನೇ ಆ ವೇಗದಲ್ಲಿ ಹರಿಸಿದರೂ ಗೋಡೆ 49.3ಕ್ಕೆ ಬರುತ್ತದೆ.

ಪಂಪಿನ ಶಕ್ತಿ ಸಮನಾಗಿರಲಿ ಎಂದರೆ ನ್ಯಾನೊದ್ರವದ ವೇಗ 0.122ಕ್ಕೆ, ರೆನಾಲ್ಡ್ಸ್ ಸಂಖ್ಯೆ 811ಕ್ಕೆ ಇಳಿಯುತ್ತದೆ. ವರ್ಗಾವಣಾಂಕ 509, ಇನ್ನೂ ಶೇ. 3.5 ಮೇಲೇ ಇದೆ. ಆದರೆ ಹರಿವು ತಗ್ಗಿತು, ವಿಶಿಷ್ಟೋಷ್ಣವೂ ತಗ್ಗಿತು, ದ್ರವವೇ 35.5ಕ್ಕೆ ಕಾಯುತ್ತದೆ. ಗೋಡೆ 51.1. ಬರೀ ನೀರಿಗಿಂತ 0.4 ಡಿಗ್ರಿ ಬಿಸಿ! ವರ್ಗಾವಣಾಂಕ ಏರಿತು, ತಂಪಾಗಬೇಕಾದ ಗೋಡೆ ಕಾದಿತು. ಯಂತ್ರಕ್ಕೆ ಬೇಕಾದ್ದು ಗೋಡೆಯ ತಾಪಮಾನವೇ ಹೊರತು ನಸೆಲ್ಟ್ ಸಂಖ್ಯೆಯಲ್ಲ. ಆದ್ದರಿಂದ ಕೋಷ್ಟಕದಲ್ಲಿ ಸಮಾನ ರೆನಾಲ್ಡ್ಸ್, ಸಮಾನ ವೇಗ, ಸಮಾನ ಪಂಪಿನ ಶಕ್ತಿ ಎಂಬ ಮೂರು ಸಾಲುಗಳನ್ನೂ ಕೊಡಿ, ಮೂರರಲ್ಲೂ ಗೋಡೆಯ ತಾಪಮಾನ ಬರೆಯಿರಿ.

ಇನ್ನೊಂದು ಮಾತು. ನೀರಿನ ಸ್ನಿಗ್ಧತೆ 30 ಡಿಗ್ರಿಯಲ್ಲಿ 0.798 ಇದ್ದದ್ದು 50 ಡಿಗ್ರಿಯಲ್ಲಿ 0.547. ಗೋಡೆಯ ಬದಿಯಲ್ಲಿ ಆಗುವ ಈ ಇಳಿಕೆ ಪುಡಿಯಿಂದ ಆದ ಏರಿಕೆಗಿಂತ ದೊಡ್ಡದು. ತಾಪಮಾನದೊಂದಿಗೆ ಬದಲಾಗುವ ಗುಣಗಳನ್ನು ಸೇರಿಸುವುದಿದ್ದರೆ ನೀರಿಗೂ ನ್ಯಾನೊದ್ರವಕ್ಕೂ ಎರಡಕ್ಕೂ ಸೇರಿಸಿ. ಒಂದಕ್ಕೆ ಸೇರಿಸಿ ಇನ್ನೊಂದಕ್ಕೆ ಬಿಟ್ಟರೆ ಹೋಲಿಕೆ ಅಲ್ಲಿಗೆ ಮುಗಿಯಿತು.

ಪ್ರಯೋಗದ ಜೊತೆ ತಾಳೆ ನೋಡುವಾಗ

ಕೊಳವೆಬಾವಿಯ ನೀರು ಬೇಡ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಕಣಗಳ ನಡುವಿನ ವಿದ್ಯುತ್ ವಿಕರ್ಷಣೆಯನ್ನು ಮುಚ್ಚಿಹಾಕುತ್ತವೆ. ಅಂಬಲಿಗೆ ಹಿಟ್ಟು ಕದಡುವಾಗ ಗಂಟಾಗುವಂತೆ ಕಣಗಳು ಗಂಟುಗಟ್ಟುತ್ತವೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಕ್ಯಾನು ತನ್ನಿ. ಅಲ್ಯುಮಿನಾ ಪಿಎಚ್ 9ರ ಹತ್ತಿರ ವಿದ್ಯುದಾವೇಶ ಕಳೆದುಕೊಳ್ಳುತ್ತದೆ, ಅಲ್ಲಿಂದ ದೂರ, 5ರ ಆಸುಪಾಸಿನಲ್ಲಿ ಇಟ್ಟರೆ ಚೆನ್ನಾಗಿ ತೇಲುತ್ತದೆ. ಇನ್ನೂ ಆಮ್ಲೀಯ ಮಾಡಿದರೆ ತಾಮ್ರದ ನಳಿಕೆ ತಿನ್ನಿಸಿಕೊಳ್ಳುತ್ತದೆ. ಬಿಡಿ ಕಣ ದಿನಕ್ಕೆ ಕಾಲು ಮಿಲಿಮೀಟರಿನಷ್ಟು ಇಳಿದರೆ, 5 ಮೈಕ್ರಾನಿನ ಗಂಟು ಗಂಟೆಗೆ 18 ಸೆಂ.ಮೀ. ಇಳಿಯುತ್ತದೆ. ಗಾಜಿನ ಜಾರಿನಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ಮೇಲೆ ತಿಳಿನೀರು ಕಂಡರೆ ನಿಮ್ಮ ಮಾದರಿಯ ಗಾತ್ರಾಂಶ ಈಗ ನಳಿಕೆಯಲ್ಲಿಲ್ಲ, ಟ್ಯಾಂಕಿನ ತಳದಲ್ಲಿದೆ.

ಬಿಸಿ ಮಾಡುವ ಭಾಗಕ್ಕೆ ಮುಂಚೆ 30-40 ಸೆಂ.ಮೀ. ನೇರ ನಳಿಕೆ ಬಿಡಿ, ಪರವಲಯದ ವೇಗ ಅಲ್ಲಿ ಹದಗೊಳ್ಳಲಿ. ಹೊರಗೆ ಗ್ಲಾಸ್‌ವುಲ್ ದಪ್ಪಗೆ ಸುತ್ತಿ, ನೀರು ಹರಿಸಿ, ತಂತಿಗೆ ಕೊಟ್ಟ ವ್ಯಾಟಿಗೂ ನೀರು ಒಯ್ದ ವ್ಯಾಟಿಗೂ ಅಂತರ ಶೇ. 5ರೊಳಗಿದೆಯೇ ನೋಡಿ. ಅಡ್ಡ ಮಲಗಿಸಿದ ನಳಿಕೆಯಲ್ಲಿ ಬಿಸಿನೀರು ಗೋಡೆಗುಂಟ ಮೇಲೇರಿ ಸುಳಿಯುತ್ತದೆ, ಅಳೆದ ನಸೆಲ್ಟ್ ಸಂಖ್ಯೆ ಷಾ ಸೂತ್ರಕ್ಕಿಂತ ಮೇಲೆ ಹೋಗುತ್ತದೆ. ಬರಿ ನೀರಿನಲ್ಲೇ ಹಾಗಾದರೆ ಕೋಡ್ ತಿದ್ದಬೇಡಿ. ನಳಿಕೆಯನ್ನು ಲಂಬವಾಗಿ ನಿಲ್ಲಿಸಿ ಅಥವಾ ಶಾಖ ತಗ್ಗಿಸಿ. ಥರ್ಮೋಕಪಲ್‌ಗಳನ್ನು ಮಂಜುನೀರಿನಲ್ಲೂ ಕುದಿನೀರಿನಲ್ಲೂ ಪರೀಕ್ಷಿಸುವಾಗ ನೆನಪಿರಲಿ, ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ, ಇಲ್ಲಿ ನೀರು ಕುದಿಯುವುದು 97.5 ಡಿಗ್ರಿಯ ಹತ್ತಿರ. 100 ಎಂದು ತಿದ್ದಿಟ್ಟರೆ ಎರಡೂವರೆ ಡಿಗ್ರಿ ಅಲ್ಲೇ ಹೋಯಿತು. ಗೋಡೆಗೂ ದ್ರವಕ್ಕೂ ನಡುವಿನ ಅಂತರ 16 ಡಿಗ್ರಿ. ಎರಡು ಥರ್ಮೋಕಪಲ್‌ಗಳಲ್ಲಿ ಅರ್ಧರ್ಧ ಡಿಗ್ರಿ ಅನುಮಾನವಿದ್ದರೆ ವರ್ಗಾವಣಾಂಕದಲ್ಲಿ ಶೇ. 4ಕ್ಕೂ ಹೆಚ್ಚು ಅನುಮಾನ. ಅನುಮಾನದ ಆ ಪಟ್ಟೆಯನ್ನು ಗ್ರಾಫಿನಲ್ಲಿ ಎಳೆಯದೆ ಬಿಡಬೇಡಿ.

ಕ್ಷುಬ್ಧ ಹರಿವಿಗೆ

ರೇಡಿಯೇಟರಿನಂಥ ಕಡೆ ಹರಿವು ಕ್ಷುಬ್ಧ, ಅಂದರೆ ಸುಳಿಗಳಿಂದ ಕಲಕಿದ್ದು. ಅಲ್ಲಿ ಕೋಡಿಗೆ ಮೊದಲು ಕ್ಯಾಲ್ಕುಲೇಟರಿನಲ್ಲಿ ಒಂದು ಲೆಕ್ಕ ಮಾಡಿ. ಡಿಟಸ್-ಬೋಯೆಲ್ಟರ್ ಸೂತ್ರದ ಪ್ರಕಾರ ಒಂದೇ ವೇಗಕ್ಕೆ ವರ್ಗಾವಣಾಂಕ ಸಾಂದ್ರತೆಯ 0.8ನೇ ಘಾತ, ವಾಹಕತೆಯ 0.6ನೇ ಘಾತ, ವಿಶಿಷ್ಟೋಷ್ಣದ 0.4ನೇ ಘಾತಗಳ ಗುಣಲಬ್ಧವನ್ನು ಸ್ನಿಗ್ಧತೆಯ 0.4ನೇ ಘಾತದಿಂದ ಭಾಗಿಸಿದಂತೆ ಬದಲಾಗುತ್ತದೆ. ನಮ್ಮ ದ್ರವದ ಅನುಪಾತಗಳನ್ನು ಹಾಕಿ: ಬ್ರಿಂಕ್‌ಮನ್ ಸ್ನಿಗ್ಧತೆಯಿಂದ ಶೇ. 3.6 ಲಾಭ, ಅಳತೆಗೆ ಹೊಂದಿಸಿದ ಸ್ನಿಗ್ಧತೆಯಿಂದ ಶೇ. 1.6 ನಷ್ಟ.